ಯೊಂಗ್‌ನುವೊ ಆರ್‌ಎಫ್-603 ರೇಡಿಯೊ ಟ್ರಿಗರ್: ಫ್ಲ್ಯಾಶ್‌ಗೆ ಜೋಡಿಸುವ ಬಗೆ, ಕೈಕೊಡುವ ಜಾಗಗಳು

ಕ್ಯಾನನ್ 1500ಡಿ, 3000ಡಿ ಅಥವಾ 200ಡಿ ಎರಡನೇ ಆವೃತ್ತಿ ನಿಮ್ಮ ಕೈಯಲ್ಲಿದ್ದರೆ, ದೂರದಲ್ಲಿಟ್ಟ ಫ್ಲ್ಯಾಶನ್ನು ರೇಡಿಯೊ ಮೂಲಕ ಹಾರಿಸುವ, ಅಂದರೆ ಮಿಂಚಿಸುವ, ಈ ಟ್ರಿಗರ್‌ಗೆ ದುಡ್ಡು ಕೊಡುವ ಮೊದಲು ಕ್ಯಾಮೆರಾದ ಹಾಟ್ ಶೂ (ತಲೆಯ ಮೇಲೆ ಫ್ಲ್ಯಾಶ್ ಕೂರಿಸುವ ಜಾಗ) ಒಳಗೆ ಇಣುಕಿ ನೋಡಿ. ನಟ್ಟನಡುವೆ ಇರಬೇಕಾದ ದೊಡ್ಡ ದುಂಡು ಪಿನ್ ಕಾಣಿಸದಿದ್ದರೆ ಆರ್‌ಎಫ್-603 ಕೆಲಸ ಮಾಡುವುದಿಲ್ಲ. ಅದಕ್ಕೆ ಸೆಟ್ಟಿಂಗಿನಲ್ಲಿ ಪರಿಹಾರವೂ ಇಲ್ಲ. ಕ್ಯಾನನ್ ತನ್ನ ಕಡಿಮೆ ಬೆಲೆಯ ಈ ಮಾದರಿಗಳಲ್ಲಿ ಆ ಪಿನ್ನನ್ನೇ ಕೈಬಿಟ್ಟಿದೆ, ಹಿಂದೆ ಸಾಲಾಗಿರುವ ಚಿಕ್ಕ ಪಿನ್ನುಗಳನ್ನು ಮಾತ್ರ ಉಳಿಸಿಕೊಂಡಿದೆ. ನಮ್ಮಲ್ಲಿ ಛಾಯಾಗ್ರಹಣ ಕಲಿಯಲು ಹೊರಟವರು ಹೆಚ್ಚಾಗಿ ಕೊಳ್ಳುವುದು ಇದೇ ಕ್ಯಾಮೆರಾಗಳನ್ನು. ಕಡಿಮೆ ಬೆಲೆಯ ಟ್ರಿಗರ್ ಹುಡುಕುವವರೂ ಅವರೇ. ‘ಟ್ರಿಗರ್ ಡೆಡ್ ಪೀಸು’ ಎಂದು ಅಂಗಡಿಗೆ ವಾಪಸು ಹೋಗುವವುಗಳಲ್ಲಿ ಕೆಲವಕ್ಕಾದರೂ ಇದೇ ಕಾರಣ.

ಅಂಥ ಕ್ಯಾಮೆರಾ ಇರುವವರಿಗೆ ಎರಡು ದಾರಿಗಳಿವೆ. ಒಂದು, ಗೊಡಾಕ್ಸ್ ಎಕ್ಸ್2ಟಿಯ ಕ್ಯಾನನ್ ಆವೃತ್ತಿ. ಪಿನ್ ಇಲ್ಲದ ಕ್ಯಾಮೆರಾಗಳಿಗಾಗಿಯೇ ಗೊಡಾಕ್ಸ್ ಫರ್ಮ್‌ವೇರ್ ಅಪ್‌ಡೇಟ್ ಕೊಟ್ಟಿದೆ, ಅದನ್ನು ಹಾಕಿಕೊಂಡರೆ ಚಿಕ್ಕ ಪಿನ್ನುಗಳ ಮೂಲಕವೇ ಫ್ಲ್ಯಾಶ್ ಹಾರುತ್ತದೆ. ಇನ್ನೊಂದು, ಖರ್ಚಿಲ್ಲದ್ದು: ಕ್ಯಾಮೆರಾದ ಪಾಪ್-ಅಪ್ ಫ್ಲ್ಯಾಶನ್ನೇ ಎತ್ತಿ, ದೂರದ ಫ್ಲ್ಯಾಶನ್ನು ಎಸ್2 ಆಪ್ಟಿಕಲ್ ಸ್ಲೇವ್ ಮೋಡಿನಲ್ಲಿ, ಅಂದರೆ ಬೇರೆ ಫ್ಲ್ಯಾಶಿನ ಮಿಂಚು ಕಂಡಾಗ ತಾನೂ ಹಾರುವ ಮೋಡಿನಲ್ಲಿ, ಇಡುವುದು. ಎಸ್1 ಬೇಡ. ಪಾಪ್-ಅಪ್ ಫ್ಲ್ಯಾಶ್ ಅಳತೆಗಾಗಿ ಮೊದಲೊಂದು ಸಣ್ಣ ಮಿಂಚು ಬಿಡುತ್ತದೆ, ಎಸ್1ನಲ್ಲಿರುವ ಫ್ಲ್ಯಾಶ್ ಅದಕ್ಕೇ ಹಾರಿ, ಶಟರ್ ತೆರೆಯುವ ಹೊತ್ತಿಗೆ ಖಾಲಿಯಾಗಿರುತ್ತದೆ. ಎಸ್2 ಆ ಮೊದಲ ಮಿಂಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರೆಡ್-ಐ ರಿಡಕ್ಷನ್ ಆಫ್ ಮಾಡಿರಬೇಕು. ಕೋಣೆಯೊಳಗೆ ಇದು ನಡೆಯುತ್ತದೆ, ಬಿಸಿಲಲ್ಲಿ ನಂಬುವಂತಿಲ್ಲ.

ನಡುವಿನ ಪಿನ್ ಇದೆ ಎಂದಾದರೆ ಮುಂದೆ ಓದಿ. ಇಲ್ಲಿ ಹೇಳುತ್ತಿರುವುದು 603ರ ಎರಡನೇ ಆವೃತ್ತಿಯ ಬಗ್ಗೆ, ಅಂದರೆ ಮಾದರಿಯ ಹೆಸರಿನ ಕೊನೆಗೆ ರೋಮನ್ ಎರಡು ಇರುವುದು. ಮೊದಲ ಆವೃತ್ತಿಯೂ ಹಳೆ ಸಾಮಾನಿನ ಮಾರುಕಟ್ಟೆಯಲ್ಲಿ ಓಡಾಡುತ್ತಿರುತ್ತದೆ. ಎರಡೂ ಒಂದರೊಡನೊಂದು ಮಾತಾಡುತ್ತವೆ, ಆದರೆ ಕೊಳ್ಳುವುದಾದರೆ ಎರಡನೆಯದನ್ನೇ ಕೊಳ್ಳಿ. ಮೊದಲನೆಯದರಲ್ಲಿ ಶೂ ಬಿಗಿಯುವ ರಿಂಗ್ ಇಲ್ಲ. ಜೊತೆಗೆ, ತಾನು ಕೂತಿರುವುದು ಕ್ಯಾಮೆರಾದ ಮೇಲೋ ಸ್ಟ್ಯಾಂಡಿನ ಮೇಲೋ ಎಂಬುದನ್ನು ಅದು ಚಿಕ್ಕ ಪಿನ್ನುಗಳಿಂದ ತಿಳಿದುಕೊಳ್ಳುತ್ತಿತ್ತು. ಹಾಗಾಗಿ ಬೇರೆ ಕಂಪನಿಯ ಕ್ಯಾಮೆರಾದ ಮೇಲೆ ಕೂರಿಸಲು ಒಳಗೆ ಪಿನ್ ಶಾರ್ಟ್ ಮಾಡಬೇಕಾಗುತ್ತಿತ್ತು. ಎರಡನೇ ಆವೃತ್ತಿಯ ಸ್ವಿಚ್ಚಿಗೆ ಮೂರು ಸ್ಥಾನಗಳಿವೆ: ಆಫ್, ಟಿಎಕ್ಸ್ (ಕಳಿಸಲು), ಟಿಆರ್‌ಎಕ್ಸ್ (ಕಳಿಸಲೂ ಪಡೆಯಲೂ). ಟಿಎಕ್ಸ್‌ನಲ್ಲಿಟ್ಟರೆ ಅದು ಬರೀ ಕಳಿಸುವ ಯಂತ್ರ, ನಡುವಿನ ಪಿನ್ ಇರುವ ಯಾವ ಕ್ಯಾಮೆರಾ ಮೇಲೂ ಕೂರುತ್ತದೆ.

ಒಂದು ಪೆಟ್ಟಿಗೆಯಲ್ಲಿ ಎರಡು ಒಂದೇ ಥರದ ಯೂನಿಟ್‌ಗಳು ಬರುತ್ತವೆ. ಕಳಿಸುವುದು, ಪಡೆಯುವುದು ಎಂಬ ಭೇದವಿಲ್ಲ, ಯಾವುದನ್ನು ಎಲ್ಲಿ ಬೇಕಾದರೂ ಹಾಕಬಹುದು. ಒಂದು ಕೆಟ್ಟರೆ ಇನ್ನೊಂದರಿಂದ ಕೆಲಸ ಸಾಗಿಸಬಹುದು ಎಂಬ ಧೈರ್ಯ ಇದರಿಂದಲೇ ಬರುತ್ತದೆ. ಪ್ರತಿ ಯೂನಿಟ್‌ಗೆ ಎರಡು ಎಎಎ ಸೆಲ್ ಸಾಕು, 1.2 ವೋಲ್ಟಿನ ರೀಚಾರ್ಜ್ ಸೆಲ್‌ಗಳಲ್ಲೂ ಸರಿಯಾಗಿ ಓಡುತ್ತದೆ. ಇದಕ್ಕಿಂತ ಅಗ್ಗದ ವರ್ಗದಲ್ಲಿ 433 ಮೆಗಾಹರ್ಟ್ಸ್‌ನ ಟ್ರಿಗರ್‌ಗಳಿವೆ, ಗೊಡಾಕ್ಸ್ ಸಿಟಿ-16 ಅಂಥದ್ದು. ಅವುಗಳ ಟ್ರಾನ್ಸ್‌ಮಿಟರ್‌ಗೆ ಬೇಕಾದದ್ದು 23ಎ ಎಂಬ 12 ವೋಲ್ಟಿನ ಪುಟ್ಟ ಸೆಲ್. ಅದು ಊರಿನ ಕಿರಾಣಿ ಅಂಗಡಿಯಲ್ಲಿ ಸಿಗುವುದಿಲ್ಲ. ಅದು ಇಳಿಯುತ್ತಾ ಹೋದಂತೆ ಟ್ರಿಗರ್ ಒಮ್ಮೆಲೇ ನಿಲ್ಲುವುದೂ ಇಲ್ಲ, ಹತ್ತರಲ್ಲಿ ಎರಡು, ಆಮೇಲೆ ನಾಲ್ಕು ಫೋಟೊ ಕತ್ತಲಾಗಿ ಬರಲು ಶುರುವಾಗುತ್ತದೆ. ಆ ಬೆಲೆವ್ಯತ್ಯಾಸಕ್ಕಾಗಿ 433 ವರ್ಗಕ್ಕೆ ಇಳಿಯುವುದು ನನ್ನ ದೃಷ್ಟಿಯಲ್ಲಿ ಉಳಿತಾಯವಲ್ಲ.

ಜೋಡಿಸುವುದು

603 ಮಾಡುವ ಕೆಲಸ ಕಾಲಿಂಗ್ ಬೆಲ್‌ನ ಗುಂಡಿ ಮಾಡುವ ಕೆಲಸವಷ್ಟೆ: ಎರಡು ಲೋಹದ ತುದಿಗಳನ್ನು ಕ್ಷಣಕಾಲ ಕೂಡಿಸುತ್ತದೆ. ಫ್ಲ್ಯಾಶಿನ ಕಾಲಿನ ನಡುವಿನ ಪಿನ್ ಒಂದು ತುದಿ, ಪಕ್ಕದ ಲೋಹದ ಅಂಚು ಇನ್ನೊಂದು. ಫ್ಲ್ಯಾಶಿನ ಪವರ್ ಎಷ್ಟಿರಬೇಕು, ಝೂಮ್ ಎಷ್ಟಿರಬೇಕು ಎಂಬ ಯಾವ ಮಾತೂ ಈ ದಾರಿಯಲ್ಲಿ ಹೋಗುವುದಿಲ್ಲ, ಟಿಟಿಎಲ್ (ಕ್ಯಾಮೆರಾ ತಾನೇ ಅಳೆದು ಪವರ್ ಹೇಳುವುದು) ಇಲ್ಲ, ಹೈ ಸ್ಪೀಡ್ ಸಿಂಕ್ (ಅತಿ ವೇಗದ ಶಟರ್‌ಗೂ ಫ್ಲ್ಯಾಶ್ ಹೊಂದುವುದು) ಇಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ಬರುವ ತೊಂದರೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಮೊದಲು ಚಾನೆಲ್. ಬ್ಯಾಟರಿ ಮುಚ್ಚಳ ತೆಗೆದರೆ ಒಳಗೆ ನಾಲ್ಕು ಪುಟ್ಟ ಡಿಪ್ ಸ್ವಿಚ್‌ಗಳಿವೆ. ನಾಲ್ಕು ಸ್ವಿಚ್, ಪ್ರತಿಯೊಂದಕ್ಕೂ ಎರಡು ಸ್ಥಾನ, ಒಟ್ಟು 16 ಚಾನೆಲ್. ಎರಡೂ ಯೂನಿಟ್‌ಗಳಲ್ಲಿ ನಾಲ್ಕೂ ಸ್ವಿಚ್ ಒಂದೇ ರೀತಿ ಇರಬೇಕು. ಕಾರ್ಖಾನೆಯಿಂದ ಬಂದ ಸ್ಥಾನದಲ್ಲೇ ಬಿಡಬೇಡಿ. ಕಲ್ಯಾಣ ಮಂಟಪದಲ್ಲಿ ಹುಡುಗನ ಕಡೆಯವರದೊಂದು ತಂಡ, ಹುಡುಗಿಯ ಕಡೆಯವರದೊಂದು ತಂಡ ಇದ್ದು ಇಬ್ಬರ ಬಳಿಯೂ ಇದೇ ಟ್ರಿಗರ್ ಇದ್ದರೆ, ಅವರು ಕ್ಲಿಕ್ ಮಾಡಿದಾಗ ನಿಮ್ಮ ಫ್ಲ್ಯಾಶ್ ಹಾರುತ್ತದೆ, ನಿಮಗೆ ಬೇಕಾದಾಗ ಅದು ಚಾರ್ಜ್ ಆಗುತ್ತಿರುತ್ತದೆ. ಸ್ವಿಚ್ ಸರಿಸಲು ಮರದ ಹಲ್ಲುಕಡ್ಡಿ ಸಾಕು, ಪಿನ್ನು ಸೂಜಿ ಹಾಕಿದರೆ ಪ್ಲಾಸ್ಟಿಕ್ ಮುರಿಯುತ್ತದೆ.

ಆಮೇಲೆ ಎಲ್ಲವೂ ಆಫ್ ಇರುವಾಗಲೇ ಜೋಡಿಸಿ. ಒಂದು ಯೂನಿಟ್ಟನ್ನು ಕ್ಯಾಮೆರಾದ ಶೂಗೆ ಪೂರ್ತಿ ತಳ್ಳಿ, ರಿಂಗ್ ಬಿಗಿ ಮಾಡಿ, ಸ್ವಿಚ್ಚನ್ನು ಟಿಎಕ್ಸ್‌ಗೆ ತನ್ನಿ. ಕ್ಯಾನನ್ ಅಥವಾ ನಿಕಾನ್ ಕ್ಯಾಮೆರಾ ಇದ್ದರೆ ಟಿಆರ್‌ಎಕ್ಸ್‌ನಲ್ಲೂ ನಡೆಯುತ್ತದೆ, ಆದರೂ ಕ್ಯಾಮೆರಾ ಮೇಲಿರುವುದು ಟಿಎಕ್ಸ್, ಸ್ಟ್ಯಾಂಡ್ ಮೇಲಿರುವುದು ಟಿಆರ್‌ಎಕ್ಸ್ ಎಂಬ ಒಂದೇ ನಿಯಮ ಇಟ್ಟುಕೊಂಡರೆ ಗೊಂದಲವಿರುವುದಿಲ್ಲ. ಇನ್ನೊಂದು ಯೂನಿಟ್ಟಿನ ತಲೆಗೆ ಫ್ಲ್ಯಾಶ್ ಕೂರಿಸಿ, ಅದರ ಲಾಕ್ ಬಿಗಿ ಮಾಡಿ. ಫ್ಲ್ಯಾಶನ್ನು ಎಂ (ಮ್ಯಾನ್ಯುಯಲ್) ಮೋಡ್‌ಗೆ ಹಾಕಿ, ಪವರ್ 1/16ರಿಂದ ಶುರು ಮಾಡಿ. ಫ್ಲ್ಯಾಶ್ ಎಸ್1 ಅಥವಾ ಎಸ್2ನಲ್ಲಿ ಉಳಿದುಬಿಟ್ಟಿದ್ದರೆ ಅದು ಬೆಳಕಿಗಾಗಿ ಕಾಯುತ್ತಿರುತ್ತದೆ, ಕಾಲಿನ ಪಿನ್ನಿನ ಕಡೆ ಗಮನ ಕೊಡದೇ ಇರಬಹುದು. ಕ್ಯಾಮೆರಾ ಮೇಲಿರುವ ಯೂನಿಟ್ಟಿನ ಟೆಸ್ಟ್ ಗುಂಡಿಯನ್ನು ಅರ್ಧ ಒತ್ತಿದರೆ ಹಸಿರು ದೀಪ, ಪೂರ್ತಿ ಒತ್ತಿದರೆ ಕೆಂಪು. ಸ್ಟ್ಯಾಂಡ್ ಮೇಲಿನ ಯೂನಿಟ್ಟಿನಲ್ಲೂ ಅದೇ ಬಣ್ಣ ಕಂಡಿತೆಂದರೆ ರೇಡಿಯೊ ಸರಿಯಾಗಿದೆ. ಅದಾದ ಮೇಲೂ ಫ್ಲ್ಯಾಶ್ ಹಾರದಿದ್ದರೆ ತೊಂದರೆ ಇರುವುದು ಗಾಳಿಯಲ್ಲಲ್ಲ, ಫ್ಲ್ಯಾಶಿನ ಕಾಲು ಮತ್ತು ಟ್ರಿಗರ್ ಕೂಡುವ ಜಾಗದಲ್ಲಿ.

ಆ ಜಾಗ ಈ ಟ್ರಿಗರ್‌ನ ನಿಜವಾದ ದುರ್ಬಲ ಅಂಶ. ಫ್ಲ್ಯಾಶಿನ ಕಾಲು ಒಂದು ಮಿಲಿಮೀಟರ್ ಹಿಂದೆ ನಿಂತರೂ ಪಿನ್ ತಪ್ಪುತ್ತದೆ, ಸಾಫ್ಟ್‌ಬಾಕ್ಸ್ ಭಾರಕ್ಕೆ ಫ್ಲ್ಯಾಶ್ ವಾಲಿದರೂ ತಪ್ಪುತ್ತದೆ. ಪೂರ್ತಿ ಮುಂದೆ ತಳ್ಳಿ ಲಾಕ್ ಮಾಡಿ, ಭಾರ ಹೆಚ್ಚಿದ್ದರೆ ಅದು ಬ್ರಾಕೆಟ್ ಮೇಲೆ ಬೀಳುವಂತೆ ನೋಡಿಕೊಳ್ಳಿ, ಟ್ರಿಗರ್‌ನ ಕತ್ತಿನ ಮೇಲೆ ಬೀಳಬಾರದು. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ ಪಿನ್ನುಗಳು ಮಂಕಾಗುತ್ತವೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿದರೆ ಮತ್ತೆ ಸರಿಹೋಗುತ್ತದೆ.

ಲೋಹದ ಬ್ರಾಕೆಟ್ ಇನ್ನೊಂದು ಉಪದ್ರವ. ಛತ್ರಿ ಹಿಡಿಯುವ ಅಗ್ಗದ ಬ್ರಾಕೆಟ್‌ಗಳ ಕೋಲ್ಡ್ ಶೂ (ಪಿನ್ನುಗಳಿಲ್ಲದೆ ಬರೀ ಹಿಡಿದುಕೊಳ್ಳುವ ಶೂ) ಹೆಚ್ಚಾಗಿ ಲೋಹದ್ದು. ಅದರೊಳಗೆ 603ನ್ನು ತೂರಿಸಿದರೆ ಕೆಳಗಿನ ಪಿನ್ನುಗಳು ಲೋಹಕ್ಕೆ ತಾಗಿ ಶಾರ್ಟ್ ಆಗುತ್ತವೆ. ಟಿಆರ್‌ಎಕ್ಸ್‌ನಲ್ಲಿರುವ ಯೂನಿಟ್ ಇದನ್ನು ‘ಕ್ಯಾಮೆರಾ ಕ್ಲಿಕ್ ಆಯಿತು’ ಎಂದು ತಿಳಿದು ತಾನೇ ಸಂಕೇತ ಕಳಿಸಲು ಹೊರಡುತ್ತದೆ. ಆಗ ಒಂದೋ ಫ್ಲ್ಯಾಶ್ ತನ್ನಷ್ಟಕ್ಕೆ ಹಾರುತ್ತದೆ, ಇಲ್ಲವೇ ಕೆಂಪು ದೀಪ ಹೊತ್ತಿಕೊಂಡು ಏನೂ ಆಗುವುದಿಲ್ಲ. ಪರಿಹಾರ ಕೆಲವು ರೂಪಾಯಿಯ ಇನ್ಸುಲೇಷನ್ ಟೇಪ್: ಯೂನಿಟ್ಟಿನ ಕಾಲಿನ ಕೆಳಗೆ, ಪಿನ್ನುಗಳೆಲ್ಲ ಮುಚ್ಚುವಂತೆ ಒಂದು ಪದರ. ಅದೇ ಯೂನಿಟ್ಟನ್ನು ಮತ್ತೆ ಕ್ಯಾಮೆರಾಗೆ ಹಾಕುವಾಗ ಟೇಪ್ ತೆಗೆಯಬೇಕು. ಆದ್ದರಿಂದ ಒಂದನ್ನು ಸ್ಟ್ಯಾಂಡಿಗೇ ಮೀಸಲಿಟ್ಟು ಗುರುತು ಹಾಕಿಡುವುದು ಒಳ್ಳೆಯದು.

ನಿದ್ದೆಹೋಗುವ ಫ್ಲ್ಯಾಶ್‌ಗಳದ್ದು ಬೇರೆ ಸಮಸ್ಯೆ. ಗೊಡಾಕ್ಸ್ ಟಿಟಿ600 ಸಾಮಾನ್ಯ ಎಂ ಮೋಡಿನಲ್ಲಿ ಸುಮಾರು 90 ಸೆಕೆಂಡು ಕೆಲಸವಿಲ್ಲದಿದ್ದರೆ ಮಲಗುತ್ತದೆ. ವಧುವಿನ ಸೆರಗು ಸರಿಪಡಿಸುವಷ್ಟರಲ್ಲಿ ಅಷ್ಟು ಹೊತ್ತು ಆಗಿಬಿಡುತ್ತದೆ. ಕಸ್ಟಮ್ ಫಂಕ್ಷನ್‌ಗೆ ಹೋಗಿ ಸ್ಲೀಪ್ ಆಫ್ ಮಾಡಿ, ಯೊಂಗ್‌ನುವೊ ಫ್ಲ್ಯಾಶ್‌ಗಳಲ್ಲೂ ಇದೇ ಥರದ ಸೆಟ್ಟಿಂಗ್ ಇದೆ. ಸೆಲ್ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ಆಗಲಿ.

ಹಳೆಯ ಫ್ಲ್ಯಾಶ್ ಇದ್ದವರಿಗೆ

ಹಳೆಯ ಸ್ಟುಡಿಯೊಗಳಲ್ಲಿ ನ್ಯಾಷನಲ್ ಪಿಇ ಸರಣಿಯ ಫ್ಲ್ಯಾಶ್‌ಗಳು, ವಿವಿಟಾರ್ 283ಗಳು ಇನ್ನೂ ಜೀವಂತವಾಗಿವೆ. ಅವುಗಳ ಬೆಳಕು ಚೆನ್ನ, ಮೈ ಗಟ್ಟಿ. ಆದರೆ ಹಳೆಯ ಫ್ಲ್ಯಾಶ್‌ಗಳ ಕಾಲಿನಲ್ಲಿ ನಿಂತಿರುವ ಟ್ರಿಗರ್ ವೋಲ್ಟೇಜ್ ಇಂದಿನವುಗಳಂತೆ ಐದಾರು ವೋಲ್ಟ್ ಅಲ್ಲ. ವಿವಿಟಾರ್ 283ರ ಮೊದಮೊದಲ ತಯಾರಿಗಳಲ್ಲಿ ಅದು 200 ವೋಲ್ಟ್ ದಾಟುತ್ತಿತ್ತು. ನಂತರದ ತಯಾರಿಗಳಲ್ಲಿ 10ಕ್ಕಿಂತ ಕೆಳಗೆ ಬಂತು, ಹೊರಗಿನಿಂದ ನೋಡಿದರೆ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಊಹೆ ಬೇಡ, ಅಳೆಯಿರಿ.

ಮಲ್ಟಿಮೀಟರನ್ನು ಡಿಸಿ ವೋಲ್ಟೇಜಿನ ಅತಿ ದೊಡ್ಡ ರೇಂಜಿಗೆ ಇಡಿ. ಫ್ಲ್ಯಾಶ್ ಆನ್ ಮಾಡಿ, ರೆಡಿ ದೀಪ ಹೊತ್ತಿದ ಮೇಲೂ ಅರ್ಧ ನಿಮಿಷ ಬಿಡಿ. ಕೆಂಪು ಪ್ರೋಬ್ ನಡುವಿನ ಪಿನ್ನಿಗೆ, ಕಪ್ಪು ಪ್ರೋಬ್ ಕಾಲಿನ ಪಕ್ಕದ ಲೋಹದ ಅಂಚಿಗೆ. ಎರಡು ಪ್ರೋಬ್‌ಗಳು ತಮ್ಮಲ್ಲೇ ತಾಗದಂತೆ ನೋಡಿಕೊಳ್ಳಿ, ತಾಗಿದರೆ ಫ್ಲ್ಯಾಶ್ ಹಾರುತ್ತದೆ. ಐಎಸ್‌ಒ 10330 ಎಂಬ ಮಾನದಂಡ ಇಟ್ಟುಕೊಂಡಿರುವ ಮಿತಿ 24 ವೋಲ್ಟ್. ಅದರೊಳಗೆ ಬಂದರೆ ನೆಮ್ಮದಿಯಿಂದ ಜೋಡಿಸಿ. ಮೀರಿದರೆ ಟ್ರಿಗರ್‌ಗೂ ಹಾಕಬೇಡಿ, ಕ್ಯಾಮೆರಾ ಮೇಲಂತೂ ಇಡಲೇಬೇಡಿ. ಹೆಚ್ಚು ವೋಲ್ಟೇಜ್ ತಡೆಯುವ ಆಪ್ಟಿಕಲ್ ಸ್ಲೇವ್ ಒಂದನ್ನು ಅದಕ್ಕೆ ಸಿಕ್ಕಿಸಿ, 603 ಹಾರಿಸುವ ಹೊಸ ಫ್ಲ್ಯಾಶಿನ ಬೆಳಕಿಗೆ ಅದು ಹಾರುವಂತೆ ಮಾಡಿದರೆ ಎರಡೂ ಉಳಿಯುತ್ತವೆ. ಮೀಟರಿನಲ್ಲಿ ಮೈನಸ್ ಚಿಹ್ನೆ ಬಂದರೆ ಆ ಫ್ಲ್ಯಾಶಿನ ಧ್ರುವ ತಿರುಗಿದೆ ಎಂದರ್ಥ, ಅಂಥದ್ದು ಎಲೆಕ್ಟ್ರಾನಿಕ್ ಸ್ವಿಚ್ಚಿನ ಟ್ರಿಗರ್‌ಗಳಲ್ಲಿ ಹಾರದೇ ಇರಬಹುದು.

ಮೊದಲ ಸಲ ಹಾರಿ, ಆಮೇಲೆ ಆಫ್-ಆನ್ ಮಾಡುವ ತನಕ ಮತ್ತೆ ಹಾರದ ಹಳೆ ಫ್ಲ್ಯಾಶ್‌ಗಳೂ ಇವೆ. ಕೆಲವು ರಿಸೀವರ್‌ಗಳ ಒಳಗೆ ಎಸ್‌ಸಿಆರ್ ಎಂಬ ಸ್ವಿಚ್ ಇರುತ್ತದೆ. ಒಮ್ಮೆ ಕೂಡಿದರೆ, ಅದರ ಮೂಲಕ ಹರಿಯುವ ಕರೆಂಟ್ ಒಂದು ಮಟ್ಟಕ್ಕಿಂತ ಇಳಿಯುವವರೆಗೆ ಅದು ಬಿಡುವುದಿಲ್ಲ. ಫ್ಲ್ಯಾಶಿನ ಸರ್ಕ್ಯೂಟ್ ಆ ಸಣ್ಣ ಕರೆಂಟನ್ನು ಕೊಡುತ್ತಲೇ ಇದ್ದರೆ ಸ್ವಿಚ್ ಅಂಟಿಕೊಂಡೇ ಉಳಿಯುತ್ತದೆ. ಇದು ಹೊಂದಾಣಿಕೆಯ ದೋಷ, ಆ ಜೋಡಿಯನ್ನು ಕೈಬಿಡುವುದೇ ಸರಿ.

ಶೂ ಇಲ್ಲದ ಸ್ಟುಡಿಯೊ ಲೈಟ್‌ಗಳಿಗೆ 603ರ ಪಕ್ಕದಲ್ಲಿ ಪಿಸಿ ಸಾಕೆಟ್ (ಫ್ಲ್ಯಾಶ್ ಕೇಬಲ್ ಸಿಕ್ಕಿಸುವ ಪುಟ್ಟ ದುಂಡು ತೂತು) ಇದೆ. ಲೈಟಿನ ಹಿಂದೆ 6.35 ಮಿ.ಮೀ. ಜಾಕ್ ಇದ್ದರೆ ಯೊಂಗ್‌ನುವೊದ ಎಲ್‌ಎಸ್-ಪಿಸಿ635 ಕೇಬಲ್ ನೇರ ಹೊಂದುತ್ತದೆ, 3.5 ಮಿ.ಮೀ. ಇದ್ದರೆ ಅದಕ್ಕೆ ತಕ್ಕ ಅಡಾಪ್ಟರ್ ಬೇಕು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅದು ಸುಲಭವಾಗಿ ಸಿಗುತ್ತದೆ. ಸ್ಟೀರಿಯೊ ಪ್ಲಗ್ ಹಾಕಬೇಡಿ, ಮೊನೊ ಕೇಳಿ. ಪಿಸಿ ಪ್ಲಗ್ ಎಂಬುದು ಮೊದಲಿನಿಂದಲೂ ಸಡಿಲವಾಗುವ ಜಾತಿ, ಕೇಬಲ್ಲಿಗೆ ಒಂದು ಸುತ್ತು ಕೊಟ್ಟು ಸ್ಟ್ಯಾಂಡಿಗೆ ವೆಲ್‌ಕ್ರೊದಿಂದ ಕಟ್ಟಿ, ಎಳೆತ ಪ್ಲಗ್ಗಿನ ಮೇಲೆ ಬೀಳದಿರಲಿ.

ಫೋಟೊದ ಕೆಳಗೆ ಕಪ್ಪು ಪಟ್ಟಿ

ಪೆಟ್ಟಿಗೆಯ ಮೇಲೆ 1/320 ಸೆಕೆಂಡು ಸಿಂಕ್ (ಫ್ಲ್ಯಾಶ್‌ಗೆ ಹೊಂದುವ ಅತಿ ಹೆಚ್ಚಿನ ಶಟರ್ ವೇಗ) ಎಂದಿದೆ. ಅದನ್ನು ನೆಚ್ಚಿಕೊಂಡು ಕೆಲಸಕ್ಕೆ ಹೋಗಬೇಡಿ. ಮಿತಿ ಹಾಕುವುದು ಕ್ಯಾಮೆರಾದ ಶಟರ್: ಮೊದಲ ಪರದೆ ಪೂರ್ತಿ ಸರಿದು, ಎರಡನೆಯದು ಇನ್ನೂ ಹೊರಡದೆ, ಸೆನ್ಸರ್ ಪೂರ್ತಿ ತೆರೆದಿರುವ ಕ್ಷಣದಲ್ಲೇ ಫ್ಲ್ಯಾಶ್ ಹಾರಬೇಕು. ಕ್ಯಾನನ್ 6ಡಿಗೆ ಆ ಮಿತಿ 1/180, ನಿಕಾನ್ ಡಿ5600ಗೆ 1/200, ಸೋನಿ ಎ7 ಮೂರನೇ ಆವೃತ್ತಿಗೆ 1/250. ಇದರ ಮೇಲೆ ರೇಡಿಯೊ ಸಂಕೇತ ಹೋಗಿ ತಲುಪುವ ಸಣ್ಣ ವಿಳಂಬವೂ ಸೇರುತ್ತದೆ. ಫ್ಲ್ಯಾಶ್ ತಡವಾದರೆ ಎರಡನೇ ಪರದೆ ಆಗಲೇ ಇಳಿಯಲು ಶುರುಮಾಡಿರುತ್ತದೆ. ಪರದೆ ಮೇಲಿನಿಂದ ಇಳಿದರೂ ಲೆನ್ಸ್ ಚಿತ್ರವನ್ನು ತಲೆಕೆಳಗಾಗಿ ಬೀಳಿಸುವುದರಿಂದ ಕಪ್ಪು ಪಟ್ಟಿ ಕಾಣುವುದು ಫೋಟೊದ ಕೆಳಗೆ. ಪೋರ್ಟ್ರೇಟ್ ಹಿಡಿತದಲ್ಲಿ ಅದು ಒಂದು ಪಕ್ಕಕ್ಕೆ ಬರುತ್ತದೆ, ಕತ್ತಲ ಹಿನ್ನೆಲೆ ಇದ್ದರೆ ಎಡಿಟಿಂಗ್ ಟೇಬಲ್ಲಿಗೆ ಬರುವ ತನಕ ಗೊತ್ತಾಗುವುದೂ ಇಲ್ಲ.

ನಿಮ್ಮ ಜೋಡಿಯ ಮಿತಿ ತಿಳಿಯಲು ಐದು ನಿಮಿಷ ಸಾಕು. ಕೋಣೆಯ ದೀಪ ಆರಿಸಿ, ಬಿಳಿ ಗೋಡೆಗೆ ಫ್ಲ್ಯಾಶ್ ಹೊಡೆಯುವಂತೆ ಇಟ್ಟು, ಐಎಸ್‌ಒ 100, ಎಫ್/8ರಲ್ಲಿ 1/125ರಿಂದ ಒಂದೊಂದೇ ಮೆಟ್ಟಿಲು ಮೇಲೇರಿ: 1/160, 1/200, 1/250, 1/320. ಕೆಳಗಿನ ಅಂಚು ಮಂಕಾಗಲು ಶುರುವಾಗುವುದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ನಿಮ್ಮ ಮಿತಿ. ಫುಲ್ ಫ್ರೇಮ್ ಕ್ಯಾಮೆರಾಗಳಲ್ಲಿ 1/160ನ್ನು ನಿಯಮ ಮಾಡಿಕೊಂಡರೆ ಸಾಮಾನ್ಯವಾಗಿ ಕೈಕೊಡುವುದಿಲ್ಲ. ಪರೀಕ್ಷೆಯನ್ನು ಫುಲ್ ಪವರಿನಲ್ಲಿ ಮಾಡಬೇಡಿ: ವೈಎನ್560 ಜಾತಿಯ ಫ್ಲ್ಯಾಶ್‌ಗಳ ಮಿಂಚು ಫುಲ್ ಪವರಿನಲ್ಲಿ ಸುಮಾರು 1/200 ಸೆಕೆಂಡಿನಷ್ಟು ಉದ್ದ, ಅದರ ಬಾಲವೇ ಕತ್ತರಿಸಿ ಹೋಗಿ ಫಲಿತಾಂಶ ಕಲಸುಮೇಲೋಗರವಾಗುತ್ತದೆ. 1/8 ಪವರ್ ಸರಿ.

ಕ್ಯಾಮೆರಾದ ಒಳಗಿನ ಸೆಟ್ಟಿಂಗ್‌ಗಳೂ ಟ್ರಿಗರ್ ಮೇಲೆ ಅಪವಾದ ತರುತ್ತವೆ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೈಲೆಂಟ್ ಶೂಟಿಂಗ್ ಆನ್ ಇದ್ದರೆ ಸಾಮಾನ್ಯವಾಗಿ ಫ್ಲ್ಯಾಶ್ ಹಾರುವುದೇ ಇಲ್ಲ. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಲೈವ್ ವ್ಯೂ ಬಳಸುವಾಗ ‘ಸೈಲೆಂಟ್ ಎಲ್‌ವಿ ಶೂಟಿಂಗ್’ ಡಿಸೇಬಲ್ ಮಾಡಬೇಕು, ಇಲ್ಲದಿದ್ದರೆ ಬೇರೆ ಕಂಪನಿಯ ಫ್ಲ್ಯಾಶ್‌ಗೆ ಸಂಕೇತ ಹೋಗುವುದಿಲ್ಲ. ಮಿರರ್‌ಲೆಸ್‌ನಲ್ಲಿ ಇನ್ನೊಂದು: 603 ಮೇಲಿದ್ದರೂ ಕ್ಯಾಮೆರಾಗೆ ಫ್ಲ್ಯಾಶ್ ಇರುವುದು ತಿಳಿಯದ ಕಾರಣ, ಎಫ್/8, 1/160ಕ್ಕೆ ಇಟ್ಟೊಡನೆ ವ್ಯೂಫೈಂಡರ್ ಕಗ್ಗತ್ತಲಾಗುತ್ತದೆ. ಸೋನಿಯಲ್ಲಿ ಲೈವ್ ವ್ಯೂ ಡಿಸ್‌ಪ್ಲೇಯ ‘ಸೆಟ್ಟಿಂಗ್ ಎಫೆಕ್ಟ್’ ಆಫ್ ಮಾಡಿ, ಕ್ಯಾನನ್‌ನಲ್ಲಿ ಎಕ್ಸ್‌ಪೋಷರ್ ಸಿಮ್ಯುಲೇಷನ್ ಡಿಸೇಬಲ್ ಮಾಡಿ.

ದೂರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪನಿಯ ಮಾತು 100 ಮೀಟರ್, ಬಯಲಿನಲ್ಲಿ ಸಾಮಾನ್ಯ ಕೆಲಸಕ್ಕೆ ಬೇಕಾದದ್ದಕ್ಕಿಂತ ಹೆಚ್ಚು. 603 ಬಳಸುವ 2.4 ಗಿಗಾಹರ್ಟ್ಸ್ ವೈ-ಫೈ ಓಡಾಡುವ ಪಟ್ಟಿಯೇ ಆದ್ದರಿಂದ ಜನ ತುಂಬಿದ ಮಂಟಪದಲ್ಲಿ ತಪ್ಪಿದರೆ ಚಾನೆಲ್ ಬದಲಿಸಿ, ರಿಸೀವರನ್ನು ಜನರ ತಲೆಗಿಂತ ಮೇಲೆ ಎತ್ತಿ. ಮನುಷ್ಯನ ಮೈ ಈ ಅಲೆಯನ್ನು ಚೆನ್ನಾಗಿ ಹೀರುತ್ತದೆ, ನೆಲದ ಮೇಲಿಟ್ಟ ಫ್ಲ್ಯಾಶ್ ತಪ್ಪುವುದು ಅದಕ್ಕೇ.

ಯಾರು ಕೊಳ್ಳಬೇಕು

ಬೇರೆ ಬೇರೆ ಕಂಪನಿಯ ಮ್ಯಾನ್ಯುಯಲ್ ಫ್ಲ್ಯಾಶ್‌ಗಳು, ಒಂದೆರಡು ಸ್ಟುಡಿಯೊ ಲೈಟ್ ಈಗಾಗಲೇ ಇರುವವರಿಗೆ 603ಕ್ಕಿಂತ ಒಳ್ಳೆಯ ಅಗ್ಗದ ಕೊಂಡಿ ಇಲ್ಲ. ವೈಎನ್560ರ ಮೂರು ಅಥವಾ ನಾಲ್ಕನೇ ಆವೃತ್ತಿ ಇದ್ದರೆ ಇನ್ನೂ ಸುಲಭ, 603ರ ರಿಸೀವರ್ ಅದರೊಳಗೇ ಇದೆ. ಫ್ಲ್ಯಾಶಿನ ರೇಡಿಯೊ ಮೋಡ್ 603ಕ್ಕೆ ಇಟ್ಟರೆ (602 ಅಲ್ಲ, ಅವೆರಡೂ ಒಂದರ ಭಾಷೆ ಒಂದಕ್ಕೆ ತಿಳಿಯದವು) ಕ್ಯಾಮೆರಾ ಮೇಲೆ ಒಂದೇ ಯೂನಿಟ್ ಸಾಕು. ಅದೇ ಫ್ಲ್ಯಾಶ್‌ಗಳ ಪವರನ್ನು ಕ್ಯಾಮೆರಾ ಬಳಿಯಿಂದಲೇ ಬದಲಿಸುವ ಆಸೆಯಿದ್ದರೆ ವೈಎನ್560-ಟಿಎಕ್ಸ್ ಕಂಟ್ರೋಲರ್ ಕೊಳ್ಳಿ, 603ಕ್ಕೆ ಆ ಶಕ್ತಿ ಇಲ್ಲ.

ಮೊದಲ ಫ್ಲ್ಯಾಶನ್ನೇ ಇನ್ನು ಕೊಳ್ಳಬೇಕಾದವರು 603ರ ಕಡೆ ಬರಬೇಡಿ. ಗೊಡಾಕ್ಸ್ ಟಿಟಿ600 ಮತ್ತು ಎಕ್ಸ್2ಟಿ ತೆಗೆದುಕೊಳ್ಳಿ. ರಿಸೀವರ್ ಫ್ಲ್ಯಾಶಿನೊಳಗೇ ಇರುವುದರಿಂದ ಮೇಲೆ ಹೇಳಿದ ಪಿನ್ನು, ಟೇಪು, ಲೋಹದ ಬ್ರಾಕೆಟ್ಟಿನ ತಾಪತ್ರಯದಲ್ಲಿ ಅರ್ಧ ಇಲ್ಲವಾಗುತ್ತದೆ, ಪವರ್ ಕ್ಯಾಮೆರಾದಿಂದಲೇ ಬದಲಾಗುತ್ತದೆ, ರೇಡಿಯೊ ಮೂಲಕ ಹೈ ಸ್ಪೀಡ್ ಸಿಂಕ್ ಕೂಡ ಸಿಗುತ್ತದೆ. ಅಲ್ಲೂ ಒಂದು ಎಚ್ಚರ: ಫ್ಲ್ಯಾಶ್ ಒಂದೆರಡು ಅಡಿಯಲ್ಲೇ ಇದ್ದು ಹಾರದಿದ್ದರೆ ಟ್ರಿಗರ್‌ನ ಡಿಸ್ಟೆನ್ಸ್ ಸೆಟ್ಟಿಂಗನ್ನು 1–100 ಮೀಟರಿನಿಂದ 0–30 ಮೀಟರಿಗೆ ಬದಲಿಸಿ, ಹತ್ತಿರದಲ್ಲಿ ಸಂಕೇತ ಅತಿ ಜೋರಾಗಿದ್ದು ತಪ್ಪುವುದುಂಟು. ಗೊಡಾಕ್ಸ್ ರೇಡಿಯೊ ಮತ್ತು ಯೊಂಗ್‌ನುವೊ ರೇಡಿಯೊ ಬೆರೆಯುವುದಿಲ್ಲ. ಆದರೆ ಟಿಟಿ600ನ ಕಾಲಿಗೆ 603 ಸಿಕ್ಕಿಸಿ ಎಂ ಮೋಡಿನಲ್ಲಿ ಹಾರಿಸಲು ಯಾವ ಅಡ್ಡಿಯೂ ಇಲ್ಲ.

603 ಕೊಳ್ಳುವಾಗ ಹೆಸರಿನಲ್ಲಿ 603 ಆದ ಮೇಲೆ ಬರುವ ಅಕ್ಷರ ನೋಡಿ: ಸಿ ಎಂದರೆ ಕ್ಯಾನನ್, ಎನ್ ಎಂದರೆ ನಿಕಾನ್. ಸಿ1, ಸಿ3, ಎನ್1, ಎನ್3 ಎಂಬ ಅಂಕಿಗಳು ಜೊತೆಗೆ ಬರುವ ಶಟರ್ ಕೇಬಲ್ಲಿನ ಬಗೆ. ಕ್ಯಾಮೆರಾವನ್ನು ದೂರದಿಂದ ಕ್ಲಿಕ್ ಮಾಡಲು ಇದೇ ಯೂನಿಟ್ ಬಳಸುವವರಿಗೆ ಅದು ಮುಖ್ಯ, ಬರೀ ಫ್ಲ್ಯಾಶ್ ಹಾರಿಸುವವರಿಗೆ ಅಲ್ಲ. ಅಂಗಡಿಯಲ್ಲೇ ಸೆಲ್ ಹಾಕಿಸಿ ಎರಡೂ ಯೂನಿಟ್‌ಗಳನ್ನು ಅದಲುಬದಲು ಮಾಡಿ ಟೆಸ್ಟ್ ಗುಂಡಿ ಒತ್ತಿ ನೋಡಿ, ಯಾವುದು ಕಳಿಸಿದರೂ ಇನ್ನೊಂದರಲ್ಲಿ ದೀಪ ಬರಬೇಕು. ಬಳಸದ ದಿನಗಳಲ್ಲಿ ಸೆಲ್ ತೆಗೆದಿಡಿ: ಪಕ್ಕದ ಸ್ವಿಚ್ ಬ್ಯಾಗಿನೊಳಗೆ ಉಜ್ಜಿ ಆನ್ ಆಗುವುದು ಸುಲಭ, ಸೋರಿದ ಸೆಲ್ ಆ ಡಿಪ್ ಸ್ವಿಚ್‌ಗಳನ್ನು ತಿಂದರೆ ಚಾನೆಲ್ ಬದಲಿಸುವ ದಾರಿ ಮುಚ್ಚಿಹೋಗುತ್ತದೆ.